ಮನೆಗೆ ಎರಡೇ ಪಾಸು

ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕ,

ನಿನ್ನ ಮೂರೂ ಕಾಗದ ಬಂದವು. ಮೂರರಲ್ಲೂ ಕೇಳಿರುವುದು ಒಂದೇ ಮಾತು: ಒಬ್ಬನೇ ಬೀದಿ ದಾಟದ ನಮ್ಮ ತಮ್ಮ, ನಮ್ಮ ಮರಿ, ರೈಲು ಹಳಿಗೆ ಹೇಗೆ ಹೋದ? ಹಾಡಿನ ಸದ್ದಿಗೆ ಗಾಬರಿಯಾಗಿ ದಾರಿ ತಪ್ಪಿದ ಎಂದು ಅವತ್ತು ಹೇಳಿದ್ದೆ. ಸುಳ್ಳು. ಫೋನಿನಲ್ಲಿ ನನ್ನ ದನಿ ಕೇಳಲಾರೆ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಂಗೀತೋತ್ಸವ ನಮ್ಮೂರಿಗೆ ಬಂದು ಇದು ಮೂರನೇ ವರ್ಷ. ಊರಿಗೆ ಒಳ್ಳೆಯದಾಗಲಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಗುಂಡಿ ಬಿದ್ದ ಬೀದಿಗೆ ಡಾಂಬರು ಬಂತು. ನಾನು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಮೂವರಿದ್ದೆವು, ಈಗ ಹನ್ನೊಂದು ಜನ. ಹೋಟೆಲುಗಳ ಹೊದಿಕೆ ಮಡಿಸಿದಷ್ಟೂ ಮುಗಿಯುವುದಿಲ್ಲ. ಅಂಗಡಿ ಮುಚ್ಚಲು ಹೊರಟಿದ್ದ ಬ್ರೆಡ್ಡಿನವನು ಹೊಸ ಒಲೆ ಇಟ್ಟ. ಆದರೆ ಆ ಹತ್ತು ದಿನ ಊರು ನಮ್ಮದಲ್ಲ. ಬೀದಿಯ ಎರಡೂ ತುದಿಗೆ ಬೇಲಿ. ನಮ್ಮ ಮನೆಗೆ ನಾವು ಹೋಗಲು ಪಾಸು. ಗೋಡೆಗಳೆಲ್ಲ ಉಚ್ಚೆ ವಾಸನೆ. ಆ ಅಬ್ಬರಕ್ಕೆ ಕಪಾಟಿನ ಲೋಟಗಳು ನಡುಗುತ್ತವೆ. ನಲವತ್ತೆರಡು ವರ್ಷದ ಮರಿ ಕಿವಿ ಮುಚ್ಚಿಕೊಂಡು ಮೇಜಿನಡಿ ಕೂರುತ್ತಿದ್ದ.

ಈ ಸಲ ಅವನ ಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಸೋರುವ ಮಾಡಿನ ರಿಪೇರಿಗೆ ದುಡ್ಡು ಬೇಕು, ಅವನಿಗೂ ಗಲಾಟೆ ತಪ್ಪುತ್ತದೆ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಬೇಲಿಯ ಆಚೆ, ಲಾಂಡ್ರಿಯ ಹಿಂದಿನ ಗೋದಾಮಿನಲ್ಲಿ, ಬಟ್ಟೆ ಮೂಟೆಗಳ ನಡುವೆ ಅವನಿಗೆ ಹಾಸಿಗೆ ಹಾಕಿದೆ. ಎಷ್ಟು ದಿನ ಎಂದು ಕೇಳಿದ. ಹತ್ತು ಅಂದೆ. ಬೆರಳು ಮಡಿಚಿ ಎಣಿಸಿದ.

ಮನೆಗೆ ಎರಡೇ ಪಾಸು. ಒಂದು ನನ್ನದು, ಇನ್ನೊಂದು ಅವನದು. ಬೇರೆಯವರಿಗೆ ಕೊಟ್ಟರೆ ಬಾಡಿಗೆಯ ಪರವಾನಗಿ ರದ್ದು ಎಂದು ಅದರ ಬೆನ್ನಿಗೇ ಬರೆದಿತ್ತು. ಆದರೂ ಅವನದನ್ನು ಕೋಣೆಗೆ ಬಂದವನ ಕೈಗಿಟ್ಟೆ. ಆ ಮನುಷ್ಯ ನನ್ನ ತಮ್ಮನಾಗಿ ದಿನಾ ಬೇಲಿ ದಾಟಿದ.

ನಾಲ್ಕನೇ ದಿನ ಮಧ್ಯಾಹ್ನ ಮರಿ ಗೋದಾಮಿನಿಂದ ಮನೆಗೆ ಹೊರಟ. ಕಾವಲಿನವನು ಬೇಲಿಯ ಹತ್ತಿರ ತಡೆದ. ಮರಿ ಜಗಳವಾಡಲಿಲ್ಲವಂತೆ. ನನ್ನ ಮನೆ ಅಲ್ಲಿ, ಅಲ್ಲಿ, ಎಂದು ಬೆರಳು ತೋರಿಸುತ್ತಾ ಬಿಸಿಲಲ್ಲೇ ನಿಂತಿದ್ದನಂತೆ. ಅಲ್ಲಿಂದ ನಮ್ಮ ಕಿಟಕಿ ಕಾಣುತ್ತದೆ. ಆಮೇಲೆ ಮನೆಯ ಹಿಂದಿನಿಂದ ಬರೋಣ ಅಂದುಕೊಂಡಿರಬೇಕು. ಶಾಲೆ ಬಿಟ್ಟ ಮೇಲೆ ನೀನು ನಮ್ಮಿಬ್ಬರ ಕೈ ಹಿಡಿದು ಹಳಿ ದಾಟಿಸುತ್ತಿದ್ದೆಯಲ್ಲ, ಅದೇ ದಾರಿ. ಉತ್ಸವಕ್ಕೆಂದು ಹೆಚ್ಚಿನ ರೈಲು ಬಿಟ್ಟಿದ್ದರು, ಅವನಿಗೇನು ಗೊತ್ತು. ಸೀಟಿ ಊದಿದೆ, ಊದಿದೆ, ಅವರು ಎರಡೂ ಕಿವಿ ಮುಚ್ಚಿಕೊಂಡಿದ್ದರು ಎಂದು ರೈಲಿನ ಚಾಲಕ ಅಳುತ್ತಾ ಹೇಳಿದ.

ಸಂಜೆಯ ಕಾರ್ಯಕ್ರಮ ಗೊತ್ತುಮಾಡಿದ್ದ ಹೊತ್ತಿಗೇ ಶುರುವಾಯಿತು. ಅವನನ್ನು ಮನೆಗೆ ತರಲು ಗಾಡಿಗೂ ಪಾಸು ಬೇಕೆಂದರು. ತರಲಿಲ್ಲ. ನೀನು ಆಸ್ಪತ್ರೆಯ ಅಂಗಳದಲ್ಲೇ ಅವನ ಮುಖ ನೋಡಬೇಕಾಯಿತು.

ಬೀದಿಯವರು ಸಮಾಧಾನ ಹೇಳುತ್ತಾರೆ, ಉತ್ಸವವನ್ನು ಮಾತ್ರ ಯಾರೂ ಬೈಯುವುದಿಲ್ಲ. ಯಾವ ಬಾಯಲ್ಲಿ ಬೈಯುವುದು? ಉಂಡದ್ದು ಅದೇ ಬಾಯಲ್ಲವೇ. ನಾನೂ ಕೆಲಸಕ್ಕೆ ಹೋಗುತ್ತೇನೆ, ಮಡಿಸುತ್ತೇನೆ, ಬರುತ್ತೇನೆ. ಕ್ಷಮಿಸು ಎಂದು ಕೇಳುತ್ತಿಲ್ಲ. ಉತ್ತರವೂ ಬೇಡ.

ಇನ್ನೂ ಹಾಗೆ ಕರೆಯುವೆಯಾದರೆ,
ನಿನ್ನ ತಂಗಿ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆ ಕಾವಲಿನವನು ಕೆಟ್ಟವನಲ್ಲ, ಅಕ್ಕ. ಮರಿಯ ಜೇಬಿನಲ್ಲಿ ನಾನು ಇಟ್ಟಿದ್ದ ನನ್ನ ನಂಬರಿನ ಚೀಟಿ ನೋಡಿ ನನಗೆ ಫೋನು ಮಾಡಿದ್ದ. ನಿಮ್ಮ ತಮ್ಮ ಅನ್ನುತ್ತಿದ್ದಾರೆ, ಪಾಸಿಲ್ಲ, ಹೌದಾ ಎಂದು ಕೇಳಿದ. ಕೋಣೆಯವನು ಎದುರಿಗೇ ಊಟಕ್ಕೆ ಕೂತಿದ್ದ. ಇವನ ಊಟ ಮುಗಿಯಲಿ, ಆಮೇಲೆ ಹೋಗಿ ಮರಿಯನ್ನು ಗೋದಾಮಿಗೆ ಬಿಟ್ಟು ಬಂದರಾಯಿತು ಅಂದುಕೊಂಡೆ. "ನನ್ನ ತಮ್ಮ ಮನೆಯಲ್ಲೇ ಇದ್ದಾನೆ," ಅಂದೆ.