ಅಜ್ಜಿಯ ಕೈಯಲ್ಲಿ ಗೊಂಬೆ ಇರಲಿಲ್ಲ

ಸಿಂಚನಾ,

ನಿನ್ನ ಪ್ರಬಂಧವನ್ನು ನಾನು ಹರಿದು ಹಾಕಿಲ್ಲ, ಫ್ರಿಜ್ ಮೇಲಿದೆ. ರಾತ್ರಿ ನೀನು ಬಾಗಿಲು ಬಡಿದುಕೊಂಡು ನಿನ್ನ ಕೋಣೆಗೆ ಹೋದ ಮೇಲೆ ಪೂರ್ತಿ ಓದಿದೆ. ನಿಮಗೆ ಪಾಠಕ್ಕಿಟ್ಟ ಕಾದಂಬರಿಯ ನಿರಾಶ್ರಿತ ಮಕ್ಕಳ ಬಗ್ಗೆ ಬರೆದದ್ದು ಚೆನ್ನಾಗಿದೆ, ಮುಟ್ಟಬೇಡ. ಅಜ್ಜಿಯ ಪ್ಯಾರಾ ಮಾತ್ರ ಹೀಗೇ ಶಾಲೆಗೆ ಹೋಗಕೂಡದು.

ಕಬಿನಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದಾಗ ಇನ್ನೂ ಹುಡುಗಿಯಾಗಿದ್ದ ಅಜ್ಜಿ ಗೊಂಬೆಯನ್ನು ಅವಚಿಕೊಂಡು ಬಂದರು ಎಂದು ಬರೆದಿದ್ದೀಯ. ಗೊಂಬೆ ಕಾದಂಬರಿಯ ಹುಡುಗಿಯದು. ನಮ್ಮ ಪತ್ರಿಕೆಯಲ್ಲಾದರೆ ಇಂಥ ಸಾಲು ಬರೆದವರನ್ನು ಡೆಸ್ಕಿಗೆ ಕರೆದು, ಯಾರು ಹೇಳಿದರು ಎಂದು ಕೇಳುತ್ತೇವೆ. ನೀನು ಯಾರನ್ನೂ ಕೇಳಿಲ್ಲ.

ಬೆಳಿಗ್ಗೆ ನಾನು ಕೇಳಿದೆ. ಅಜ್ಜಿ ಸೊಪ್ಪು ಬಿಡಿಸುತ್ತಲೇ ಹೇಳಿದರು: "ಗೊಂಬೆ ಎಲ್ಲಿಂದ ತರಾನ ಕಣವ್ವ? ಸೊಂಟದ ಮೇಲೆ ತಮ್ಮ ಇದ್ದ. ಹೊಸ ಊರು ಸೇರೋಗಂಟ ಉಳೀಲಿಲ್ಲ."

ಅವರಿಗೊಬ್ಬ ತಮ್ಮನಿದ್ದದ್ದು ಮಗಳಾದ ನನಗೇ ಗೊತ್ತಿರಲಿಲ್ಲ.

ಆಫೀಸಿಗೆ ಹೊರಟೆ. ಇಡ್ಲಿ ಡಬ್ಬಿಯಲ್ಲಿದೆ, ತಿಂದು ಹೋಗು. ವ್ಯಾನ್ ಬರುವ ಮೊದಲು ಅಜ್ಜಿಯ ಪಕ್ಕ ಕೂತು, ಇದನ್ನು ಬರೆಯಬಹುದಾ ಎಂದು ಕೇಳು. ಬೇಡ ಅಂದರೆ ಆ ಪ್ಯಾರಾ ತೆಗೆದುಬಿಡು, ಅಂಕ ಹೋದರೆ ಹೋಗಲಿ. ಸರಿ ಅಂದರೆ ಅವನ ಹೆಸರು ಕೇಳು. ನನಗೆ ಕೇಳಲು ಆಗಲಿಲ್ಲ.

ಅಮ್ಮ