ಗರುಡನ ಮರದ ಬುಡದಲ್ಲಿ

ಮಾರ್ಚ್ ೧೨, ೧೯೮೭. ಗುರುವಾರ.

ಗರುಡನ ಮರಿ ಹಾರುವವರೆಗೆ ಮರ ಕಡಿಯುವುದಿಲ್ಲ ಎಂದು ಮರವಿರುವ ಮಲಾಡಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮಾತು ಕೊಟ್ಟಿದ್ದ. ಬರೆದುಕೊಡಲು ಒಪ್ಪಿರಲಿಲ್ಲ. ಇಂದು ಕೊಡಲಿಯವರನ್ನೇ ಕರೆಸಿದ.

ಗೂಡಿನ ಸುದ್ದಿಯನ್ನು ನಾವು ಹಕ್ಕಿಹುಚ್ಚಿನವರು ದಿನವೂ ಫೋನಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತೇವೆ. ಇಂದು ಮರದ ಎದುರು ಬಿಲ್ಡಿಂಗಿನ ವಿನೋದಿನಿ ಹೇಳಿದ್ದು ಇಷ್ಟೇ: “ಕೊಡಲಿ ಬಂತು ಮಾರಾಯ್ರೆ, ಬೇಗ ಬನ್ನಿ.” ಅಂಧೇರಿ, ಘಾಟ್ಕೋಪರ್‌ನವರೆಲ್ಲ ಆಫೀಸು ಬಿಟ್ಟು ಬಂದು ಬುಡ ಸುತ್ತುವರಿದು ಕೂತೆವು.

ಮೋರ್ಚಾಗಳಲ್ಲಿ ಗಂಟಲು ಹರಿದುಕೊಂಡ ನಾನೂ ಘೋಷಣೆ ಕೂಗಲಿಲ್ಲ. ಕೂಗಿದರೆ ತಾಯಿ ಹಕ್ಕಿ ಗೂಡು ಬಿಟ್ಟು ಹಾರುತ್ತಿತ್ತು.

“ಒಂದು ಹಕ್ಕಿಗೆ ಇಷ್ಟು ಜನವಾ?” ಎಂದ ಸೆಕ್ರೆಟರಿ.

“ನಿಮ್ಮ ಮೀಟಿಂಗಿಗೆ ಇದರ ಅರ್ಧ ಬರ್ತಾರಾ ಸಾಬ್?” ವಿನೋದಿನಿ ಪಿಸುಗುಟ್ಟಿದಳು.

ನಾವು ಯಾರೂ ಬುಡ ಬಿಟ್ಟು ಏಳದ್ದರಿಂದ ಕೊಡಲಿ ವಾಪಸ್ಸಾಯಿತು. ಸದ್ದಿಲ್ಲದೆ ಗೆದ್ದ ಈ ಜನ ನನ್ನವರು ಎನ್ನಲು ಎದೆ ಉಬ್ಬುತ್ತದೆ. ಕೊಡಲಿಯವರು ಶನಿವಾರ ಮತ್ತೆ ಬರುತ್ತಾರಂತೆ. ನಾವು ಸೇರುವುದು ಅಂದೇ, ಅವರಿಗಿಂತ ಮುಂಚೆ, ಬೆಳಿಗ್ಗೆ ಆರೂವರೆಗೆ.