ಗೋಪುರವನ್ನು ಎರಡು ಸಲ ಹತ್ತಿದ ಕ್ಯಾಷಿಯರ್

ಮಂಗಳವಾರ, ಹನ್ನೆರಡನೇ ತಾರೀಖು.

ಇಂದು ಕಳ್ಳತನ ಮಾಡಿದೆನೆಂದು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಮುಂದಿನ ವಾರ ನಾನೂ ಇವಳೂ ನಗರ ನೋಡಲು ಹೊರಟಿದ್ದೇವೆ. ಮದುವೆಯಾದ ಒಂಬತ್ತು ವರ್ಷಕ್ಕೆ ಮೊದಲ ಪ್ರವಾಸ. ದಿನಕ್ಕೆಷ್ಟು ಬೇಕು? ಅಲ್ಲಿಗೆ ಹೋಗಿಬಂದ ನಮ್ಮ ಕ್ಯಾಷಿಯರನ್ನು ಬುಟ್ಟಿಗೆ ಹಾಕಿಕೊಂಡು ಕೇಳುವ ಬದಲು, ಅವನ ಕಸದ ಬುಟ್ಟಿಗೇ ಕೈ ಹಾಕಿ ಹಳೆಯ ಟಿಕೆಟ್ಟು, ಬಿಲ್ಲುಗಳನ್ನೆಲ್ಲ ತಂದೆ.

ವಿಚಿತ್ರವೆಂದರೆ ಎಲ್ಲವೂ ಎರಡೆರಡು. ಗಡಿಯಾರ ಗೋಪುರಕ್ಕೂ ಎರಡು! ಕಚೇರಿಯ ಮೆಟ್ಟಿಲಿಗೇ ಏದುಸಿರು ಬಿಡುವ ಆಸಾಮಿ ಅದನ್ನು ಎರಡು ಸಲ ಏಕೆ ಹತ್ತಿದ? ಮೇಲೆ ಕೊಡೆ ಮರೆತನೆ? ಸಂಜೆಯೆಲ್ಲ ಇದೇ ಕುತೂಹಲ.

ಕೊನೆಗೆ ಅವನ ದುಂದುವೆಚ್ಚವನ್ನು ಸರಿಯಾಗಿ ಅರ್ಧಕ್ಕಿಳಿಸಿ, ದಿನಕ್ಕೆ ಎಂಟುನೂರು ಸಾಕು, ಇದು ಅರ್ಥಶಾಸ್ತ್ರ ಓದಿದವನ ಲೆಕ್ಕ ಎಂದು ಇವಳ ಮುಂದೆ ಮೀಸೆ ತಿರುವಿದೆ.

ಅವಳು ಟಿಕೆಟ್ಟುಗಳನ್ನು ತಿರುವಿ ನೋಡಿದಳು. “ಅವರ ಹೆಂಡ್ತೀನೂ ಹೋಗಿದ್ರಲ್ಲ ರೀ. ತಲೆಗೊಂದು ಟಿಕೆಟ್ಟು.” ಆಮೇಲೆ ಮೆಲ್ಲಗೆ, “ಈ ಎಂಟುನೂರಲ್ಲಿ ನಾನೆಲ್ಲಿ ಊಟ ಮಾಡ್ಲಿ?”

ಇದಿನ್ನೂ ಕರಡು ಎಂದು ಜಾರಿಕೊಂಡೆ. ನಿದ್ದೆ ಮಾತ್ರ ಬರುತ್ತಿಲ್ಲ. ದಿನಕ್ಕೆ ನನಗೆ ಎರಡನೇ ಐಸ್‌ಕ್ರೀಮು ಬೇಕೇ ಬೇಡವೇ ಎಂದು ಕಾಲುಗಂಟೆ ತಲೆ ಕೆಡಿಸಿಕೊಂಡಿದ್ದೆ, ಅವಳಿಗೆ ಒಂದಾದರೂ ಬೇಕೆಂಬುದು ಹೊಳೆಯಲೇ ಇಲ್ಲ.